ಅವ್ವನ ಭಾನುವಾರ

ನಮ್ಮ ತರಗತಿಯಲ್ಲಿ ಕ್ರೈಸ್ತಳೆಂದರೆ ನಾನೊಬ್ಬಳೇ. ಹೀಗಾಗಿ ಎರಡು ಸಾವಿರ ವರ್ಷಗಳ ಒಂದು ಧರ್ಮಕ್ಕೆ ನಮ್ಮ ಕಾಲೇಜಿನ ಮಟ್ಟಿಗೆ ನಾನೇ ವಕೀಲಳು, ನಾನೇ ಸಾಕ್ಷಿ, ಕೆಲವು ವೇಳೆ ನಾನೇ ಆಪಾದಿತೆ. ಡಿಸೆಂಬರ್ ಬಂತೆಂದರೆ "ಕೇಕು ಎಲ್ಲಿ?" ಎಂಬ ತಗಾದೆ. ತಪಸ್ಸುಕಾಲ ಮೊದಲಾಗುವ ವಿಭೂತಿ ಬುಧವಾರದಂದು ನನ್ನ ಹಣೆಯ ಬೂದಿಯನ್ನು ಕಂಡು "ಇದೇನೇ, ನೀನೂ ವಿಭೂತಿ ಇಟ್ಟುಕೊಂಡೆಯಾ?" ಎಂಬ ವಿಸ್ಮಯ. ಇವಕ್ಕೆಲ್ಲ ಉತ್ತರ ಹೇಳಿ ಹೇಳಿ ನನಗೆ ಅಭ್ಯಾಸವಾಗಿಹೋಗಿದೆ. ಆದರೆ ಈ ವರ್ಷ ಗೆಳತಿಯೊಬ್ಬಳು ಕೇಳಿದ ಪ್ರಶ್ನೆಗೆ ಮಾತ್ರ ತಟ್ಟನೆ ಉತ್ತರ ಹೊರಡಲಿಲ್ಲ. ಅವಳ ತಾಯಿಯೂ ನಮ್ಮವ್ವನೂ ಒಂದೇ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುವವರು. "ನಿಮ್ಮಮ್ಮ ಮೂರು ತಿಂಗಳಿಂದ ಭಾನುವಾರ ಚರ್ಚಿಗೆ ಹೋಗಿಲ್ಲವಂತೆ. ಹಾಗಾದರೆ ನಿಮ್ಮವರು ಹೆಸರು ತೆಗೆದುಹಾಕಿಬಿಡುತ್ತಾರೆಯೇ?" ಎಂದಳು. ಹಾಜರಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂಡಿಸದ ಈ ಸಂಸ್ಥೆಯಲ್ಲಿ ಮೂರು ವರ್ಷ ಕಳೆದವಳಿಗೆ ಹಾಗೆ ತೋರುವುದು ಸಹಜವೇ. ಕೇಳಿದ್ದರಲ್ಲಿ ಕೊಂಕಿರಲಿಲ್ಲ.

ಆ ಪ್ರಶ್ನೆಯನ್ನೇ ಹಿಡಿದು ನಾನು ಯೋಚಿಸಿದ್ದನ್ನೂ ಓದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಧರ್ಮಬೋಧೆ ಮಾಡುವ ಯೋಗ್ಯತೆ ನನಗಿಲ್ಲ, ಅದಕ್ಕೆ ಗುರುಗಳಿದ್ದಾರೆ. ಸಹಪಾಠಿಗಳೂ ಅಧ್ಯಾಪಕ ಮಹನೀಯರೂ ಇದನ್ನು ಒಂದು ಮನೆಯ ಸಂಗತಿಯೆಂದು ಓದಿದರೆ ಸಾಕು.

ಮೊದಲು ಮಾತಿನ ವಿಚಾರ. ಭಾಷೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರಿಗೆ ಯಾವ ಮಾತು ಸಿಕ್ಕರೂ ಅದರ ಬೇರನ್ನು ಕೆದಕುವ ಚಟ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ 'ಚರ್ಚ್' ಗ್ರೀಕರ 'ಕುರಿಯಾಕೋನ್' ಎಂಬ ಮಾತಿನಿಂದ ಹುಟ್ಟಿದ್ದು; 'ಪ್ರಭುವಿಗೆ ಸೇರಿದ್ದು' ಎಂದು ಅದರ ಅರ್ಥ. ನಮ್ಮ ಕರಾವಳಿಯವರು ಹೇಳುವ 'ಇಗರ್ಜಿ'ಯ ದಾರಿ ಬೇರೆ. ಅದು ಪೋರ್ಚುಗೀಸರ ಮೂಲಕ ಬಂದದ್ದು. ಅದರ ಬೇರು 'ಎಕ್ಲೇಸಿಯ' ಎಂಬ ಗ್ರೀಕ್ ಪದದಲ್ಲಿದೆ. ಅದಕ್ಕೂ ಕಲ್ಲು ಗಾರೆಗಳಿಗೂ ಮೊದಲಲ್ಲಿ ಯಾವ ಸಂಬಂಧವೂ ಇರಲಿಲ್ಲ. ಪ್ರಾಚೀನ ಗ್ರೀಸಿನ ನಗರಗಳಲ್ಲಿ ಡಂಗುರ ಕೇಳಿ ಮನೆಗಳಿಂದ ಹೊರಬಂದು ಒಂದೆಡೆ ಕೂಡಿದ ನಾಗರಿಕರ ಸಭೆಗೆ ಎಕ್ಲೇಸಿಯ ಎಂದು ಹೆಸರು. ಯೇಸುವಿನ ಶಿಷ್ಯರು ತಮ್ಮ ಕೂಟಕ್ಕೆ ಈ ಮಾತನ್ನು ಇಟ್ಟುಕೊಂಡರು. ಕನ್ನಡದ ಕಥೋಲಿಕರಾದ ನಾವು ಕಟ್ಟಡವನ್ನು ದೇವಾಲಯವೆನ್ನುತ್ತೇವೆ, ಜನಸಮೂಹವನ್ನು ಧರ್ಮಸಭೆಯೆನ್ನುತ್ತೇವೆ. ಒಂದೇ ಮಾತಿನಿಂದ ಎರಡನ್ನೂ ಸೂಚಿಸಿ ಗೊಂದಲ ಪಡುವ ಇಂಗ್ಲಿಷಿನವರಿಗಿಂತ ಈ ವಿಷಯದಲ್ಲಿ ನಾವೇ ಜಾಣರೆಂದು ನನ್ನ ಹೆಮ್ಮೆ.

ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೨ರಿಂದ ೧೯೬೫ರವರೆಗೆ ರೋಮಿನಲ್ಲಿ ನಡೆಯಿತು. ಧರ್ಮಸಭೆ ಎಂದರೇನು ಎಂಬ ಪ್ರಶ್ನೆಯನ್ನೇ ಕುರಿತು ಅದು ೧೯೬೪ರ ನವೆಂಬರ್ ೨೧ರಂದು ಒಂದು ದೀರ್ಘ ಶಾಸನವನ್ನು ಹೊರಡಿಸಿತು. ಅದರ ಅಧ್ಯಾಯಗಳ ಅನುಕ್ರಮವೇ ಒಂದು ಪಾಠವೆಂದು ನಮ್ಮ ಗುರುಗಳು ಆಗಾಗ ಹೇಳುತ್ತಾರೆ. ಎರಡನೆಯ ಅಧ್ಯಾಯ ದೇವಪ್ರಜೆಯನ್ನು ಕುರಿತದ್ದು. ಬಿಷಪ್ಪರು, ಗುರುಗಳು ಮೊದಲಾದ ಅಧಿಕಾರ ಪರಂಪರೆಯ ಮಾತು ಬರುವುದು ಮೂರನೆಯದರಲ್ಲಿ. ಅಂದರೆ ಮೊದಲು ಜನ, ಆ ಬಳಿಕ ಅವರ ಸೇವೆಗೆಂದು ನಿಯಮಿಸಲ್ಪಟ್ಟವರು. ರಾಜ್ಯಶಾಸ್ತ್ರ ಓದುವ ಮಿತ್ರರಿಗೆ ಇದು ಹೊಸದೆನ್ನಿಸಲಾರದು. ನಮ್ಮ ಸಂವಿಧಾನದ ಪೀಠಿಕೆಯೂ ಜನರಿಂದಲೇ ಮೊದಲಾಗುತ್ತದಷ್ಟೆ. ಆದರೆ ದೇವಾಲಯದ ಮುಂದಿನ ಸಾಲಿನ ಬೆಂಚುಗಳನ್ನು ಕಾದಿರಿಸಿಕೊಂಡ ನಮ್ಮೂರ ಕೆಲವು ಹಿರಿಯರಿಗೆ ಈ ಅನುಕ್ರಮ ಇನ್ನೂ ಮನವರಿಕೆಯಾದಂತಿಲ್ಲ.

ಕಟ್ಟಡ ಬೇರೆ, ಸಭೆ ಬೇರೆ ಎಂಬುದನ್ನು ನಮ್ಮ ಹಾಸನದ ಸೀಮೆಯವರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಶೆಟ್ಟಿಹಳ್ಳಿಯ ದೇವಾಲಯವನ್ನು ನೋಡದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರನು. ಫ್ರೆಂಚ್ ಪಾದ್ರಿಗಳು ೧೮೬೦ರ ಸುಮಾರಿನಲ್ಲಿ ಹೇಮಾವತಿಯ ದಡದಲ್ಲಿ ಕಟ್ಟಿಸಿದ ಎತ್ತರದ ಗುಡಿ ಅದು. ಗೊರೂರಿನಲ್ಲಿ ಅಣೆಕಟ್ಟು ೧೯೭೯ರಲ್ಲಿ ಮುಗಿದು ನೀರು ನಿಂತ ಮೇಲೆ ಅದು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಗೆಯಲ್ಲಿ ಮತ್ತೆ ಮೇಲೇಳುತ್ತದೆ. ಛಾವಣಿಯಿಲ್ಲ, ಬಾಗಿಲಿಲ್ಲ, ಗೋಡೆಗಳು ವರ್ಷವರ್ಷಕ್ಕೆ ಕುಸಿಯುತ್ತಿವೆ. ಭಾವಚಿತ್ರ ತೆಗೆಸಿಕೊಳ್ಳಲು ಬರುವವರ ಜಾತ್ರೆಯೋ ಜಾತ್ರೆ. ನಮ್ಮ ತರಗತಿಯವರೂ ಹೋಗಿದ್ದೆವು. ಮಿತ್ರರೊಬ್ಬರು ಕಮಾನಿನ ಕೆಳಗೆ ನಿಂತು "ಪಾಪ, ಚರ್ಚು ಸತ್ತುಹೋಯಿತಲ್ಲ" ಎಂದು ಮರುಗಿದರು.

ಅಜ್ಜಿಗೆ ಈ ಮಾತನ್ನು ಹೇಳಿದಾಗ ನಕ್ಕುಬಿಟ್ಟಳು. ಅವಳ ತವರು ಆ ಸೀಮೆಯ ಒಂದು ಸಣ್ಣ ಹಳ್ಳಿ. ಹೊಲ, ಮನೆ, ಹುಣಿಸೆಮರ ಎಲ್ಲವೂ ನೀರಿನ ಪಾಲಾದವು. ಜನ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗಿ ನೆಲೆನಿಂತರು. "ಸತ್ತೋಗಾಕೆ ಅದೇನ್ ಮನ್ಸನಾ? ನಮ್ ತವರ್ನೋರು ಹೊಸ ಜಾಗ್ದಾಗೆ ತಗಡಿನ ಚಪ್ಪರ ಎಬ್ಬಿಸ್ಕಂಡು ಪೂಜೆ ಮಾಡಿಸ್ಕಂಡ್ರು ಕಣವ್ವ. ನೀರ್ನಾಗೆ ಮುಳುಗಿದ್ದು ಗೋಡೆ" ಎಂದಳು. ಅಕ್ಷರವರಿಯದ ಅಜ್ಜಿಗೆ ಮಹಾಸಭೆಯ ಶಾಸನದ ಹೆಸರೂ ತಿಳಿಯದು. ಆದರೆ ಅದರ ಎರಡನೆಯ ಅಧ್ಯಾಯ ಅವಳಿಗೆ ಬಾಯಿಪಾಠವಾಗಿದೆ.

ಇಲ್ಲಿ ಒಂದು ಮಾತನ್ನು ನಡುವೆ ತರುತ್ತೇನೆ. ಇತಿಹಾಸದ ತರಗತಿಯಲ್ಲಿ ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಗ್ರಂಥ ಬರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬೊವಾ ಅವರ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಶ್ರೀರಂಗಪಟ್ಟಣ ಬಿದ್ದ ೧೭೯೯ರ ತರುವಾಯ ಮೈಸೂರು ಸೀಮೆಗೆ ಬಂದು, ೧೮೨೩ರಲ್ಲಿ ಇಂಡಿಯಾವನ್ನು ಬಿಡುವವರೆಗೆ ಇಲ್ಲಿಯವರ ಉಡುಗೆ ತೊಟ್ಟು, ಇಲ್ಲಿಯ ಅನ್ನವುಂಡು ಬದುಕಿದವರು. ನಮ್ಮ ಹಾಸನದ ಕಡೆ ಬಡ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿ ನೆಲೆಗೊಳಿಸಿದವರೂ ಅವರೇ. ಅವರ ಪ್ರಸಂಗಗಳಲ್ಲಿ ಒಂದೂ ಇಂದು ಯಾರ ನೆನಪಿನಲ್ಲಿಯೂ ಇಲ್ಲ. ೧೮೦೩–೦೪ರಲ್ಲಿ ಅವರು ೨೫,೦೦೦ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರೆಂಬುದನ್ನು ಮಾತ್ರ ಇತಿಹಾಸ ಬರೆದಿಟ್ಟುಕೊಂಡಿದೆ. ಭಕ್ತಿ ಎಂಬುದು ಗುಡಿಯ ಬಾಗಿಲನ್ನು ದಾಟಿ ಹೊರಬಂದಾಗ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಲಸಿಕೆಯ ಲೆಕ್ಕವನ್ನು ತೋರಿಸುತ್ತೇನೆ.

ಇನ್ನು ನಮ್ಮ ಮನೆಯ ವಿಚಾರ. ಅಪ್ಪ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಕೆಲಸಕ್ಕಿದ್ದಾನೆ. ಮನೆಗೆ ಬರುವುದು ತಿಂಗಳಿಗೊಮ್ಮೆ. ಮನೆಯಲ್ಲಿ ಇರುವವರು ಅಜ್ಜಿ, ಅವ್ವ, ನಾನು, ಶಾಲೆಗೆ ಹೋಗುವ ತಮ್ಮ. ದೀಪ ಹಚ್ಚುವ ಹೊತ್ತಿಗೆ ಜಪಸರ ಹಿಡಿದು ಕೂಡುವುದು ಅಜ್ಜಿಯ ಕಟ್ಟಳೆ. ಮಹಾಸಭೆ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕರೆದಿದೆ. ನಮ್ಮ ಮನೆಯೊಳಗಿನ ಸಭೆಯಲ್ಲಿ ಒಬ್ಬ ಸದಸ್ಯ ಮೂರನೆಯ ದಶಕದ ಹೊತ್ತಿಗೆ ಗೋಡೆಗೊರಗಿ ಗೊರಕೆ ಹೊಡೆಯುತ್ತಾನೆ; ಇನ್ನೊಬ್ಬಳ ಕಣ್ಣು ಮರುದಿನದ ಪಾಠದ ಮೇಲೆ. ಅನ್ನದ ಪಾತ್ರೆಗೆ ಸೌಟು ಹಾಕುವ ಮುನ್ನ ಅಜ್ಜಿ ಅದರ ಮೇಲೆ ಶಿಲುಬೆಯ ಗುರುತು ಮಾಡುತ್ತಾಳೆ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದೂ ಅದೇ ಗುರುತಿಗೆ ಸೇರಿದ್ದೆಂದು ಅವಳ ತಿಳಿವಳಿಕೆ.

ಅಜ್ಜಿ ಹುಟ್ಟಿದ್ದು ೧೯೪೭ರಲ್ಲಿ. ಅವಳ ಬಾಲ್ಯದಲ್ಲಿ ಪೂಜೆ ನಡೆಯುತ್ತಿದ್ದುದು ಲತೀನು ಭಾಷೆಯಲ್ಲಿ. ಒಂದಕ್ಷರವೂ ಅರ್ಥವಾಗದು, ಆದರೂ 'ಆಮೆನ್' ಎಲ್ಲಿ ಹೇಳಬೇಕೆಂಬುದು ತಪ್ಪುತ್ತಿರಲಿಲ್ಲವಂತೆ. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ಏನನ್ನೂ ತಿನ್ನದೆ, ಕತ್ತಲಲ್ಲೇ ಎದ್ದು ನಾಲ್ಕು ಮೈಲಿ ನಡೆದು ಹೋಗಬೇಕಾಗಿತ್ತು. ಕನ್ನಡದಲ್ಲಿ ಪೂಜೆ ಬಂದದ್ದು ಮಹಾಸಭೆಯ ತರುವಾಯ. ಇಂಥ ಅಜ್ಜಿಗೆ ಭಾನುವಾರದ ಪೂಜೆ ಎಷ್ಟು ದೊಡ್ಡದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವ್ವ ಕಾರ್ಖಾನೆಗೆ ಸೇರಿ ಏಳು ವರ್ಷವಾಯಿತು. ಅವಳದು ಕಾಲರು ಕೂಡಿಸುವ ಕೆಲಸ. ಸಾಲಾಗಿ ಮೆಷಿನ್ನುಗಳು, ಒಂದು ಸಾಲಿಗೆ 'ಲೈನು' ಎಂದು ಹೆಸರು, ಲೈನಿಗೊಬ್ಬ ಸೂಪರ್‌ವೈಸರು, ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ಟು. ಬೆಳಗ್ಗೆ ಮೆಷಿನ್ನಿನ ಮುಂದೆ ಕೂತೊಡನೆ ಅವ್ವ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ. ಎಡಗಡೆಯವರು ಮೆಷಿನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಲಗಡೆಯವರು ಬಿಸ್ಮಿಲ್ಲಾ ಎನ್ನುತ್ತಾರೆ. ಬಳಿಕ ಎಲ್ಲರ ಮೆಷಿನ್ನೂ ಒಂದೇ ಸದ್ದು ಮಾಡುತ್ತದೆ ಎಂದು ಅವ್ವ ನಗುತ್ತಾಳೆ.

ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕಳೆದ ವರ್ಷ ಒಂದು ಕಂತೆಯ ಕಾಲರುಗಳಿಗೆ ಒಳಪದರ ತಿರುವುಮುರುವಾಗಿ ಬಿದ್ದು ಹೊಲಿಗೆಯಾಗಿತ್ತು. ಹೊರಗಿನಿಂದ ಕಾಣುವಂಥದಲ್ಲ, ತಪಾಸಣೆಯವರೂ ನೋಡಿ ಮುಂದಕ್ಕೆ ಬಿಟ್ಟಿದ್ದರು. ಎರಡು ಸಲ ಒಗೆದರೆ ಮುದುರಿಕೊಳ್ಳುವುದೆಂದು ಅವ್ವನಿಗೆ ಮಾತ್ರ ತಿಳಿದಿತ್ತು. ಎದ್ದು ಹೋಗಿ ಹೇಳಿಬಿಟ್ಟಳು. ಇಡೀ ಲೈನಿನವರು ಊಟದ ಹೊತ್ತನ್ನು ಬಿಟ್ಟು ಹೊಲಿಗೆ ಬಿಚ್ಚಬೇಕಾಯಿತು. ಎರಡು ದಿನ ಯಾರೂ ಅವಳ ಸಂಗಡ ಮಾತಾಡಲಿಲ್ಲ. "ಯಾಕೆ ಹೇಳ್ದೆ, ಸುಮ್ನಿರಬೋದಿತ್ತಲ್ಲ?" ಎಂದು ನಾನು ಕೇಳಿದೆ. "ಯಾರೋ ದುಡ್ ಕೊಟ್ಟು ಇಕ್ಕಳೋ ಬಟ್ಟೆ ಕಣೆ" ಎಂದಳು. ಅಷ್ಟೆ. ಊಟ ಬಿಟ್ಟ ಹೆಂಗಸರಲ್ಲಿ ಒಬ್ಬಾಕೆ ತುಂಬು ಬಸುರಿ. ಅದನ್ನು ನೆನೆದು ಅವ್ವ ಆ ರಾತ್ರಿ ತಾನೂ ಉಣ್ಣಲಿಲ್ಲ. ಯಾವುದು ಸರಿ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ದಿನನಿತ್ಯದ ಬದುಕಿನಲ್ಲಿ ವಿಶ್ವಾಸ ಎಂದು ಪ್ರಸಂಗಗಳಲ್ಲಿ ಕೇಳುವಾಗ ಬಹು ಸರಳವಾಗಿ ತೋರುವ ಮಾತು ಮೆಷಿನ್ನಿನ ಸಾಲಿನಲ್ಲಿ ಹೀಗೆ ಗಂಟುಬೀಳುತ್ತದೆ.

ಗೃಹಸ್ಥರ ಪಾಲಿಗೆ ಲೋಕವ್ಯವಹಾರವೇ ಅವರ ಕರೆಯ ಜಾಗ ಎಂದು ಮಹಾಸಭೆ ಹೇಳಿದೆ. ಆಧುನಿಕ ಲೋಕದಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತು ೧೯೬೫ರ ಡಿಸೆಂಬರ್ ೭ರಂದು ಹೊರಟ ಶಾಸನ ಇನ್ನೂ ಖಂಡಿತವಾಗಿ ನುಡಿಯುತ್ತದೆ. ಪರಲೋಕವೇ ನಮ್ಮ ಮನೆಯೆಂದು ಇಹದ ಕರ್ತವ್ಯಗಳಿಗೆ ಬೆನ್ನು ತಿರುಗಿಸುವವರೂ ತಪ್ಪುತ್ತಾರೆ. ಧರ್ಮವೆಂದರೆ ಪೂಜೆ ಪುನಸ್ಕಾರಗಳಷ್ಟೆ, ವ್ಯವಹಾರವೇ ಬೇರೆ ಎಂದುಕೊಳ್ಳುವವರೂ ತಪ್ಪುತ್ತಾರೆ. ಈ ಒಡಕು ನಮ್ಮ ಕಾಲದ ದೊಡ್ಡ ದೋಷಗಳಲ್ಲೊಂದು ಎಂದು ಅದರ ಅಭಿಪ್ರಾಯ. ಜಗದ್ಗುರು ಎರಡನೆಯ ಜಾನ್ ಪಾಲರು ೧೯೮೧ರಲ್ಲಿ ಶ್ರಮವನ್ನು ಕುರಿತು ಬರೆದ ಪತ್ರದಲ್ಲಿ, ಕೆಲಸದ ಬೆಲೆ ಅದು ಎಂಥ ಕೆಲಸವೆಂಬುದರಿಂದ ಬರುವುದಲ್ಲ, ಮಾಡುವಾತ ಮನುಷ್ಯನೆಂಬುದರಿಂದ ಬರುತ್ತದೆ ಎಂದು ವಾದಿಸಿದ್ದಾರೆ. ಬಡಗಿ ಯೋಸೇಫರನ್ನು ಕಾರ್ಮಿಕರ ಸಂತರೆಂದು ಮೇ ಒಂದರಂದು ನೆನೆಯುವ ಹಬ್ಬವನ್ನು ಹನ್ನೆರಡನೆಯ ಪಿಯುಸರು ೧೯೫೫ರಲ್ಲಿ ತಂದರು. ಅವ್ವನಿಗೆ ಈ ಪತ್ರಗಳು ಗೊತ್ತಿಲ್ಲ. ಆ ಹಬ್ಬ ಮಾತ್ರ ಗೊತ್ತು, ಅದೂ ಮೇ ಒಂದು ರಜೆ ಎಂಬ ಕಾರಣದಿಂದ.

ಹೀಗಿರಲಾಗಿ ಕಳೆದ ವರ್ಷದ ಕೊನೆಯಲ್ಲಿ ಕಾರ್ಖಾನೆಗೆ ಪರದೇಶದ ದೊಡ್ಡ ಬೇಡಿಕೆ ಬಂತು. ಶಿಪ್‌ಮೆಂಟು ಮುಗಿಯುವವರೆಗೆ ಭಾನುವಾರವೂ ಕೆಲಸ, ಬದಲಿಗೆ ವಾರದ ನಡುವೆ ಒಂದು ದಿನ ರಜೆ, ಹೆಚ್ಚಿನ ಗಂಟೆಗಳಿಗೆ ಹೆಚ್ಚಿನ ಕೂಲಿ ಎಂದು ಗೊತ್ತಾಯಿತು. ಈ ಏರ್ಪಾಡಿನಲ್ಲಿ ಅನ್ಯಾಯವಿತ್ತೆಂದು ನಾನು ಹೇಳಲಾರೆ. ವಾರಕ್ಕೊಂದು ರಜೆ ಇರಬೇಕು, ಹೊತ್ತು ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಕೊಡಬೇಕು ಎಂದು ೧೯೪೮ರ ಕಾರ್ಖಾನೆ ಕಾಯಿದೆಯೇ ಬರೆದಿತ್ತು. ಆ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಅಷ್ಟೇ ಅಲ್ಲ, ನನ್ನ ಕೊನೆಯ ವರ್ಷದ ಶುಲ್ಕ ಕಟ್ಟಿದ್ದು ಆ ಹೆಚ್ಚಿನ ಕೂಲಿಯಿಂದಲೇ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆ ಮೆಟ್ಟಿಲುಗಳಲ್ಲಿ ಅವ್ವನ ಹನ್ನೆರಡು ಭಾನುವಾರಗಳು ಸೇರಿವೆ.

ಅಜ್ಜಿ ಮೊದಲ ಎರಡು ವಾರ ಏನೂ ಅನ್ನಲಿಲ್ಲ. ಮೂರನೆಯ ವಾರ ಪೂಜೆಯಿಂದ ಬಂದವಳೇ ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಸಂಜೆ ಅವ್ವ ಬಂದಾಗ, "ಏನವ್ವ, ದೇವ್ರಿಗೂ ಬುಧವಾರ ಬಾ ಅಂತ ಯೋಳ್ಬುಟ್ರಾ ನಿಮ್ ಸಾಹೇಬ್ರು?" ಎಂದಳು. "ಅತ್ತೆ, ನಾನೇನ್ ಆಸೆಗೆ ಹೋಯ್ತೀನಾ? ಮಗೀನ ಫೀಜು ಕಟ್ಟಬ್ಯಾಡ್ವಾ?" ಎಂದು ಅವ್ವ. "ನಾನು ನಾಕು ಮಕ್ಕಳ್ನ ಸಾಕಿಲ್ವಾ? ಒಂದ್ ಭಾನುವಾರಾನೂ ತೆಪ್ಪಿಸ್ಲಿಲ್ಲ." ಅವ್ವ ತಿರುಗಿ ಮಾತಾಡಲಿಲ್ಲ, ಒಳಗೆ ಹೋಗಿ ಒಲೆ ಹಚ್ಚಿದಳು. ಅಂದಿನಿಂದ ಜಪಸರದ ವೇಳೆ ಇಬ್ಬರೂ ಒಂದೇ ಚಾಪೆಯ ಎರಡು ಕೊನೆಗಳಲ್ಲಿ ಕೂಡತೊಡಗಿದರು. ಒಬ್ಬರು ಜಪದ ಮೊದಲರ್ಧ ಹೇಳಬೇಕು, ಮತ್ತೊಬ್ಬರು ಉಳಿದರ್ಧ ಹೇಳಬೇಕು; ದೇವಮಾತೆಯ ಮುಂದೆ ಮಾತ್ರ ಅತ್ತೆ ಸೊಸೆಯರಿಗೆ ಮಾತುಕತೆ. ದೇವಾಲಯದ ಅಂಗಳದಲ್ಲಿ "ಸೊಸೆ ಎಲ್ಲಿ?" ಎಂದು ಕೇಳುವವರಿಗೂ ಕಡಮೆಯಿರಲಿಲ್ಲ. ಕೇಳುವ ಧಾಟಿಯಿಂದಲೇ ಉತ್ತರ ಅವರಿಗೆ ಗೊತ್ತಿದೆಯೆಂದು ತಿಳಿಯುತ್ತಿತ್ತು.

ನಾನು ನಮ್ಮ ಗುರುಗಳನ್ನು ಹೋಗಿ ಕಂಡೆ. ಅವರು ವಿಷಯವನ್ನು ಹಗುರಮಾಡಿ ನನ್ನನ್ನು ಸಂತೈಸಲಿಲ್ಲ. ಅದು ನನಗೆ ಮೆಚ್ಚಿಗೆಯಾಯಿತು. ಭಾನುವಾರದ ಪೂಜೆಯಲ್ಲಿ ಪಾಲ್ಗೊಳ್ಳುವುದು ಕಥೋಲಿಕರ ಕರ್ತವ್ಯವೆಂದು ೧೯೮೩ರ ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ವಿಧಿಸುತ್ತದೆ ಎಂದರು. ರೋಗಿಗಳು, ಹಸುಳೆಗಳನ್ನು ನೋಡಿಕೊಳ್ಳುವವರು, ಹೀಗೆ ತಕ್ಕ ಕಾರಣವುಳ್ಳವರು ಆ ಕಟ್ಟಿಗೆ ಒಳಗಾಗುವುದಿಲ್ಲ. ಹೊಟ್ಟೆಪಾಡಿಗಾಗಿ ತಪ್ಪಿಸಲಾಗದ ದುಡಿಮೆಯೂ ಅಂಥದೇ. ಆದ್ದರಿಂದ ನಿಮ್ಮ ತಾಯಿಯ ಮೇಲೆ ದೋಷವಿಲ್ಲ ಎಂದರು. ನಾನು ಏಳುವಷ್ಟರಲ್ಲಿ ಇನ್ನೊಂದು ಮಾತು ಕೂಡಿಸಿದರು: "ದೋಷವಿಲ್ಲ ಎಂದರೆ ನಷ್ಟವಿಲ್ಲ ಎಂದಲ್ಲಮ್ಮ. ಊಟ ತಪ್ಪಿದವಳದು ತಪ್ಪಲ್ಲ. ಆದರೂ ಹಸಿವು ಹಸಿವೇ."

ಈ ನಷ್ಟ ಯಾವುದು ಎಂಬುದು ನನ್ನನ್ನು ಬಹುದಿನ ಕಾಡಿತು. ಹದಿಮೂರನೆಯ ಲಿಯೋ ಜಗದ್ಗುರುಗಳು ೧೮೯೧ರಲ್ಲಿ ಕಾರ್ಮಿಕರನ್ನು ಕುರಿತು ಬರೆದ ಪತ್ರವನ್ನು ನಿಘಂಟು ಹಿಡಿದುಕೊಂಡು ಇಂಗ್ಲಿಷಿನಲ್ಲಿ ಓದಿದೆ. ೨೦೨೫ರ ಮೇ ತಿಂಗಳಲ್ಲಿ ಚುನಾಯಿತರಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ತಳೆದದ್ದು ಈ ಪತ್ರದ ನೆನಪಿನಿಂದ ಎಂದು ತಾವೇ ತಿಳಿಸಿದ್ದಾರೆ. ಯುರೋಪಿನ ಕಾರ್ಖಾನೆಗಳಲ್ಲಿ ಹೆಂಗಸರೂ ಮಕ್ಕಳೂ ಹಗಲಿರುಳು ದುಡಿಯುತ್ತಿದ್ದ ಕಾಲ ಅದು. ಬದುಕಲು ಸಾಲುವಷ್ಟು ಕೂಲಿ, ಸಂಘ ಕಟ್ಟುವ ಹಕ್ಕು, ಇವುಗಳ ಜೊತೆಗೆ ಭಾನುವಾರದ ವಿರಾಮವನ್ನೂ ಆ ಪತ್ರ ಕಾರ್ಮಿಕನ ಹಕ್ಕಿನ ಸಾಲಿಗೆ ಸೇರಿಸುತ್ತದೆ. ಅಂದರೆ ಯಾವುದನ್ನು ನಾವು ದುಡಿಯುವವಳ ಕರ್ತವ್ಯವೆಂದಷ್ಟೇ ಕೇಳಿ ಬೆಳೆದಿದ್ದೆವೋ ಅದು ದುಡಿಸಿಕೊಳ್ಳುವವರ ಮೇಲಿನ ಕರ್ತವ್ಯವೂ ಹೌದು. ಅಂಗಳದಲ್ಲಿ "ಸೊಸೆ ಎಲ್ಲಿ?" ಎಂದು ಅಜ್ಜಿಯನ್ನು ಕೇಳುತ್ತಿದ್ದವರಲ್ಲಿ ಒಬ್ಬರದು ಪೇಟೆಯಲ್ಲಿ ಅಂಗಡಿ. ಅವರ ಅಂಗಡಿಯ ಹುಡುಗ ಭಾನುವಾರ ಬೆಳಗ್ಗೆ ಎಲ್ಲಿರುತ್ತಾನೆಂದು ಯಾರೂ ಕೇಳಿದ್ದಿಲ್ಲ.

ಬುಧವಾರದ ರಜೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವ್ವ ಬಟ್ಟೆ ಒಗೆಯುತ್ತಾಳೆ, ಮಲಗುತ್ತಾಳೆ, ಎದ್ದು ಬಾಗಿಲಲ್ಲಿ ಕೂಡುತ್ತಾಳೆ. ನಾನು ಕಾಲೇಜಿನಲ್ಲಿ, ತಮ್ಮ ಶಾಲೆಯಲ್ಲಿ, ಬೀದಿಯ ಹೆಂಗಸರು ಕೂಲಿಯಲ್ಲಿ. ದಣಿವು ಆರುತ್ತದೆ, ನಿಜ. ಆದರೆ ಅದು ಒಬ್ಬಳ ರಜೆ. ಭಾನುವಾರವೆಂದರೆ ಎಲ್ಲರಿಗೂ ಒಟ್ಟಿಗೆ ಬರುವ ಬಿಡುವು. ಯಾರ ಮಗುವಿಗೆ ಜ್ವರ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯಲ್ಲಿ ಈ ವಾರ ಅಕ್ಕಿ ಇಲ್ಲ ಎಂಬುದೆಲ್ಲ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬೆಳಕಿಗೆ ಬರುತ್ತದೆ. ಕರೆದು ಕೂಡಿದ ಜನಕ್ಕೆ ಸಭೆಯೆಂದು ಹೆಸರಾದರೆ ಬಿಡಿಬಿಡಿಯಾದ ರಜೆಗಳಿಂದ ಸಭೆಯಾಗುವುದೆಂತು? ೨೦೨೦ರ ಬೀಗಮುದ್ರೆಯ ಕಾಲದಲ್ಲಿ ಇದನ್ನು ಎಲ್ಲರೂ ಉಂಡಿದ್ದೇವೆ. ಮಾರ್ಚ್ ೨೭ರ ಸಂಜೆ ಜಗದ್ಗುರು ಫ್ರಾನ್ಸಿಸರು ಮಳೆಯಲ್ಲಿ ಬರಿದಾದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಮ್ಮ ಮನೆಯವರು ಮೊಬೈಲಿನಲ್ಲಿ ನೋಡಿದೆವು. ಅಜ್ಜಿ ಮೊಬೈಲಿನ ಮುಂದೆ ಮೊಂಬತ್ತಿ ಹಚ್ಚಿಟ್ಟು, "ಅಯ್ಯೋ, ಅಷ್ಟ್ ದೊಡ್ ಜಾಗ್ದಾಗೆ ಒಬ್ರೂ ಇಲ್ವಲ್ಲಾ" ಎಂದು ಕಣ್ಣೀರಿಟ್ಟಳು. ಶೆಟ್ಟಿಹಳ್ಳಿಯ ಗೋಡೆಗಾಗಿ ಅಳದವಳು ಅಂದು ಅತ್ತಳು.

ಇತಿಹಾಸ ನನಗೆ ಐಚ್ಛಿಕ ವಿಷಯವಾದದ್ದು ಈ ಸಂದರ್ಭದಲ್ಲಿ ಉಪಕಾರಕ್ಕೆ ಬಂತು. ಭಾನುವಾರ ರಜೆ ಎಂಬುದು ಮೊದಲಿನಿಂದ ಬಂದುದೇನೂ ಅಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. ೩೨೧ರಲ್ಲಿ ಆ ದಿನ ನ್ಯಾಯಸ್ಥಾನ, ಕಸುಬುಗಳಿಗೆಲ್ಲ ಬಿಡುವೆಂದು ಆಜ್ಞೆ ಹೊರಡಿಸಿದನು. ಬೇಸಾಯಗಾರರಿಗೆ ಮಾತ್ರ, ಹದ ತಪ್ಪೀತೆಂದು, ದುಡಿಯಲು ಅವಕಾಶ ಕೊಟ್ಟನು. ಅದಕ್ಕೆ ಹಿಂದಿನ ಮೂರು ಶತಮಾನ ಕ್ರೈಸ್ತರಿಗೆ ಭಾನುವಾರ ಎಲ್ಲ ದಿನಗಳಂತೆ ದುಡಿಮೆಯ ದಿನವೇ. ಅವರಲ್ಲಿ ಗುಲಾಮರಿದ್ದರು, ಕೂಲಿಯವರಿದ್ದರು. ಸುಮಾರು ಕ್ರಿ.ಶ. ೧೧೨ರಲ್ಲಿ ಬಿಥೀನಿಯದ ಅಧಿಕಾರಿ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ 'ಈ ಜನ ಗೊತ್ತಾದ ದಿನ ಬೆಳಗಾಗುವ ಮುನ್ನವೇ ಕೂಡುತ್ತಾರೆ' ಎಂಬ ಅರ್ಥದ ವರದಿಯನ್ನು ಬರೆದು ಕಳುಹಿದನು. ದಣಿಗಳು ಏಳುವುದರೊಳಗೆ ಕೂಡಬೇಕು, ಆಮೇಲೆ ಕೆಲಸಕ್ಕೆ ಹೋಗಬೇಕು. ಸಭೆ ತನ್ನ ಹೊತ್ತನ್ನು ದುಡಿಯುವವರ ಹೊತ್ತಿಗೆ ಹೊಂದಿಸಿಕೊಂಡಿತು.

ಇದನ್ನೆಲ್ಲ ಬರೆದುಕೊಂಡು ಮತ್ತೆ ಗುರುಗಳ ಬಳಿಗೆ ಹೋದೆ. ಅವರು ಅದನ್ನು ಪಾಲನಾ ಸಮಿತಿಯ ಸಭೆಯಲ್ಲಿ ಓದಿಸಿದರು. ನಮ್ಮ ಧರ್ಮಕೇಂದ್ರದಲ್ಲಿ ಬೆಳಗಿನ ಪೂಜೆಗೆ ಬರಲಾಗದವರು ಯಾರುಯಾರೆಂದು ಅಂದೇ ಮೊದಲ ಬಾರಿಗೆ ಲೆಕ್ಕ ಹಾಕಿದರು. ಕಾರ್ಖಾನೆಯ ಹೆಂಗಸರು, ಆಸ್ಪತ್ರೆಯ ದಾದಿಯರು, ಒಬ್ಬ ಬಸ್ ಕಂಡಕ್ಟರು, ಹೋಟೆಲಿನ ಇಬ್ಬರು ಹುಡುಗರು, ರಾತ್ರಿ ಕಾವಲಿನವರು, ಒಟ್ಟು ಹತ್ತೊಂಬತ್ತು ಮಂದಿ. ಹಿರಿಯರೊಬ್ಬರು "ಮನಸ್ಸಿದ್ದರೆ ಮಾರ್ಗ" ಎಂದರು. ಇನ್ನೊಬ್ಬರು ಸಂಜೆ ಪೂಜೆಯೆಂದರೆ ಅದು ಪದ್ಧತಿಯಲ್ಲ ಎಂದರು. ಸಂಜೆಯ ಪೂಜೆಗೆ ಹನ್ನೆರಡನೆಯ ಪಿಯುಸರು ಅನುಮತಿ ಕೊಟ್ಟದ್ದು ೧೯೫೩ರಲ್ಲಿ, ಆ ಹಿರಿಯರು ಹುಟ್ಟುವುದಕ್ಕೂ ಮುನ್ನ ಎಂದು ಗುರುಗಳು ನಗುತ್ತ ಹೇಳಿದರು. ಭಾನುವಾರ ಸಂಜೆ ಆರೂವರೆಗೆ ಇನ್ನೊಂದು ಪೂಜೆ ಎಂದು ತೀರ್ಮಾನವಾಯಿತು.

ಮೊದಲ ವಾರ ಬಂದವರು ಹನ್ನೊಂದು ಜನ. ಕಾರ್ಖಾನೆಯ ಬಸ್ಸು ತಿರುವಿನಲ್ಲಿ ಇಳಿಸಿದ ಕೂಡಲೇ ಹೆಂಗಸರು ಊಟದ ಡಬ್ಬಿಯ ಚೀಲಗಳೊಂದಿಗೆ ನೇರವಾಗಿ ಬಂದರು. ತಲೆಗೂದಲಲ್ಲಿ ನೂಲಿನ ಎಳೆಗಳು ಹಾಗೆಯೇ ಇದ್ದವು. ಅಜ್ಜಿ ಬೆಳಗಿನ ಪೂಜೆಗೂ ಹೋಗಿ ಬಂದಿದ್ದಳು. ಸಂಜೆ ಮತ್ತೆ ಹೊರಟು ನಿಂತಳು. "ಎರಡ್ ಸತಿ ಯಾಕಜ್ಜಿ?" ಎಂದರೆ "ಬೆಳಗಿನದು ನಂದು" ಎಂದಳು. ಅವ್ವನ ಪಕ್ಕದಲ್ಲಿಯೇ ಕೂತಳು. ಗುರುಗಳ ಪ್ರಸಂಗ ಅರ್ಧವಾಗುವಷ್ಟರಲ್ಲಿ ಅವ್ವ ತೂಕಡಿಸಿ ಅಜ್ಜಿಯ ಹೆಗಲಿಗೊರಗಿದಳು. ನಾನು ಮುಟ್ಟಿ ಎಬ್ಬಿಸಲು ಕೈಚಾಚಿದೆ. ಅಜ್ಜಿ ಕಣ್ಣಿನಲ್ಲಿಯೇ ಗದರಿಸಿದಳು. ಪರಮಪ್ರಸಾದದ ಹೊತ್ತಿಗೆ ತಾನೇ ಮೆಲ್ಲನೆ ಕೆನ್ನೆ ತಟ್ಟಿ, "ಏಳವ್ವ, ಕರೀತಾವ್ರೆ" ಎಂದಳು.

ಕಾರ್ಖಾನೆಯ ಸಂಗತಿ ಇನ್ನೂ ಮುಗಿದಿಲ್ಲ. ಭಾನುವಾರದ ಕೆಲಸವನ್ನು ಸರದಿಯ ಮೇಲೆ ಹಂಚಿ ಪ್ರತಿಯೊಬ್ಬರಿಗೂ ತಿಂಗಳಿಗೆ ಎರಡು ಭಾನುವಾರ ಬಿಡಬೇಕೆಂದು ಅವ್ವನ ಲೈನಿನವರು ಅರ್ಜಿ ಬರೆದು ಕೊಟ್ಟಿದ್ದಾರೆ. ಅರ್ಜಿಯ ಕರಡು ನನ್ನದು. ರುಜುಗಳಲ್ಲಿ ಮೊದಲನೆಯದು ಅಂದು ಊಟ ಬಿಟ್ಟು ಹೊಲಿಗೆ ಬಿಚ್ಚಿದ ಆ ಬಸುರಿ ಹೆಂಗಸಿನದು. ಈಗ ಅವಳ ಕೂಸಿಗೆ ಐದು ತಿಂಗಳು. ಕ್ರೈಸ್ತರ ರುಜು ಅದರಲ್ಲಿ ನಾಲ್ಕೇ. ಉಳಿದವರಿಗೆ ಪೂಜೆಯ ಹಂಗಿಲ್ಲ, ಮಕ್ಕಳ ಜೊತೆ ಒಂದು ದಿನ ಬೇಕು. ಉತ್ತರ ಇನ್ನೂ ಬಂದಿಲ್ಲ. ಅತ್ತ ನಾನು ಬರೆಯಬೇಕೆಂದಿರುವ ನೌಕರಿಯ ಪರೀಕ್ಷೆಯೂ ಭಾನುವಾರವೇ ಗೊತ್ತಾಗಿದೆ. ಅಜ್ಜಿಗೆ ಇನ್ನೂ ತಿಳಿಸಿಲ್ಲ.

ಕಳೆದ ವಾರ ಕಾರ್ಖಾನೆಯಲ್ಲಿ ಕೆಲಸವಿರಲಿಲ್ಲ. ಅವ್ವ ಬೆಳಗಿನ ಪೂಜೆಗೆ ಹೋಗಬಹುದಾಗಿತ್ತು, ಹೋಗಲಿಲ್ಲ. ಮಧ್ಯಾಹ್ನವೆಲ್ಲ ಮನೆಗೆಲಸ ಮಾಡಿ ಸಂಜೆ ಸೀರೆ ಬದಲಿಸಿಕೊಂಡು ಹೊರಟಳು. "ಬೆಳಿಗ್ಗೇನೆ ಹೋಗಿ ಬರಬೋದಿತ್ತಲ್ಲವ್ವ?" ಎಂದೆ. "ಕಂಡಕ್ಟರಣ್ಣನ ಹೆಂಡ್ತೀಗೆ ಆಪ್ರೇಸನ್ನು ಅಂದಿದ್ರು ಹೋದ್ ವಾರ. ಏನಾಯ್ತು ಅಂತ ಕೇಳ್ಬೇಕು" ಎಂದು ಚಪ್ಪಲಿ ಮೆಟ್ಟಿಕೊಂಡಳು. ಅಜ್ಜಿ ಆಗಲೇ ಬೀದಿಯಲ್ಲಿ ನಿಂತು ಹೊತ್ತಾಯಿತೆಂದು ಕೂಗುತ್ತಿದ್ದಳು.